ಲೂಟಿಯ ಪಾಲು: ಒಂಟಿ ಆಟ, ಜಂಟಿ ಆಟಗಳ ಒಂದು ಇತಿಹಾಸ

ನಮ್ಮ ದೇಶದಿಂದ ಹೊರಟು, ಕಡಲು ದಾಟಿ, ವೇಷ ಬದಲಿಸಿಕೊಂಡು ಮತ್ತೆ ನಮ್ಮ ಮನೆಯ ಪಡಸಾಲೆಗೇ ಬಂದು ಕುಳಿತ ಶಬ್ದಗಳು ಕೆಲವಿವೆ. 'ಲೂಟಿ' ಅಂಥದೊಂದು ಶಬ್ದ. ಹಿಂದೂಸ್ಥಾನಿಯ 'ಲೂಟ್' ಕನ್ನಡದಲ್ಲಿ ಲೂಟಿಯಾಯಿತು. ಅದೇ ಶಬ್ದ ಹದಿನೆಂಟನೆಯ ಶತಮಾನದಲ್ಲಿ ಕಂಪನಿ ಸರ್ಕಾರದವರ ಬಾಯಿಂದ ಇಂಗ್ಲಿಷಿಗೂ ಸೇರಿತು. ಈಗ ನಮ್ಮ ಕಳಮಶ್ಶೇರಿಯ ಫ್ಲ್ಯಾಟುಗಳಲ್ಲಿ ಸಂಜೆ ಹೊತ್ತು ಮಕ್ಕಳು ಅರ್ಧ ಕನ್ನಡ, ಅರ್ಧ ಮಲೆಯಾಳದಲ್ಲಿ "ನನಗೆ ಒಳ್ಳೇ ಲೂಟ್ ಸಿಕ್ಕಿತು" ಎಂದು ಕೂಗುವಾಗ, ತಾವು ಅಜ್ಜಂದಿರ ಮಾತನ್ನೇ ಆಡುತ್ತಿದ್ದೇವೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಅವರು ಆಡುವುದು ವಿಡಿಯೋ ಆಟಗಳಲ್ಲಿ ಒಂದು ಪ್ರತ್ಯೇಕ ಜಾತಿಯದು. ಆಟಗಾರನ ಕೈಯಲ್ಲಿ ಕೋವಿ. ಎದುರಿಗೆ ಯಂತ್ರವೇ ನಡೆಸುವ ಶತ್ರುಗಳು. ಶತ್ರು ಬಿದ್ದಾಗ ಅವನಿಂದ ಏನಾದರೊಂದು ವಸ್ತು ಉದುರುತ್ತದೆ: ಮೇಲಾದ ಕೋವಿ, ಕವಚ, ಔಷಧ. ಏನು ಉದುರುವುದೆಂದು ಮೊದಲೇ ಹೇಳಲಾಗದು. ಉದುರಿದ್ದನ್ನು ಆಯ್ದುಕೊಂಡು ಇನ್ನೂ ಬಲವಾದ ಶತ್ರುವಿನತ್ತ ಹೋಗುವುದೇ ಆಟ. ಒಬ್ಬರೇ ಆಡಬಹುದು; ಇಂಟರ್‌ನೆಟ್ಟಿನ ಮೂಲಕ ಸಾಮಾನ್ಯವಾಗಿ ನಾಲ್ವರವರೆಗೆ ಕೂಡಿಯೂ ಆಡಬಹುದು. ಕೂಡಿ ಆಡುವವರು ಪರಸ್ಪರ ಎದುರಾಳಿಗಳಲ್ಲ, ಒಂದೇ ಪಕ್ಷದವರು.

ಇದರಲ್ಲಿ ಇತಿಹಾಸವೇನಿದೆ ಎಂದು ಹಿರಿಯ ವಾಚಕರು ಕೇಳಬಹುದು. ಇದೆ. ಈ ಆಟಗಳ ಐವತ್ತು ವರ್ಷದ ಕಥೆ ಎರಡು ಹಳೆಯ ಪ್ರಶ್ನೆಗಳ ಸುತ್ತ ಹೆಣೆದುಕೊಂಡಿದೆ. ಸಿಕ್ಕಿದ್ದನ್ನು ಹಂಚಿಕೊಳ್ಳುವುದು ಹೇಗೆ? ಸಿಕ್ಕಿದ್ದು ಕಡೆಗೆ ಯಾರ ಬಳಿ ಉಳಿಯುತ್ತದೆ? ಎರಡನೆಯ ಪ್ರಶ್ನೆಗೆ ಇಂದು ದೊರೆಯುತ್ತಿರುವ ಉತ್ತರ ಪ್ರತಿಯೊಂದು ಸಂಸಾರಕ್ಕೂ ಸಂಬಂಧಿಸಿದ್ದು.

ಶ್ರೀರಂಗಪಟ್ಟಣದ ಎರಡು ಪಾಠಗಳು

ನಿಜವಾದ ಲೂಟಿಯ ಹಂಚಿಕೆ ಹೇಗಿರುತ್ತಿತ್ತೆಂಬುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟೀಪು ಸುಲ್ತಾನ ಮಡಿದ. ಆ ರಾತ್ರಿ ಸಿಪಾಯಿಗಳು ಊರನ್ನು ಸೂರೆಮಾಡಿದರು. ಅಲ್ಲಿ ನಿಯಮವೆಂಬುದಿರಲಿಲ್ಲ, ಕೈಗೆ ಸಿಕ್ಕವನಿಗೆ ಸಿಕ್ಕಷ್ಟು. ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಿದ. ಆಮೇಲೆ ನಡೆದದ್ದು ದಫ್ತರದ ಲೂಟಿ. ಅದಕ್ಕೆಂದೇ ಒಂದು ಸಮಿತಿ ಕುಳಿತು, ಅರಮನೆಯ ಸೊತ್ತನ್ನು ಪಟ್ಟಿಮಾಡಿ, ಬೆಲೆಕಟ್ಟಿ, ದರ್ಜೆಗೆ ತಕ್ಕಂತೆ ಹಂಚಿತು. ದಂಡನಾಯಕನಿಗೆ ದೊಡ್ಡ ಪಾಲು, ಸಾಮಾನ್ಯ ಸಿಪಾಯಿಗೆ ಚಿಕ್ಕ ಪಾಲು. ಟೀಪುವಿನ ಮರದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆಟದ ಲೂಟಿಯಲ್ಲಿ ಯಾರ ಮನೆಯೂ ಹಾಳಾಗುವುದಿಲ್ಲ. ಅದು ದೊಡ್ಡ ವ್ಯತ್ಯಾಸ. ಆದರೆ 'ಹಿಡಿದವನಿಗೆ ಸೇರಿದ್ದು', 'ಲೆಕ್ಕವಿಟ್ಟು ಹಂಚಿದ್ದು' ಎಂಬ ಈ ಎರಡು ಪದ್ಧತಿಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವೇ ಮತ್ತೆ ಬರುತ್ತವೆ.

ಅದೇ ೧೭೯೯ರಲ್ಲಿ ಐದು ವರ್ಷದ ಬಾಲಕನೊಬ್ಬನನ್ನು ಮೈಸೂರಿನ ಸಿಂಹಾಸನದ ಮೇಲೆ ಕೂರಿಸಲಾಯಿತು. ಆತ ಮುಮ್ಮಡಿ ಕೃಷ್ಣರಾಜ ಒಡೆಯರು. ಮುಂದೆ ಅವರು ಆಟಗಳ ದೊಡ್ಡ ಪೋಷಕರಾದರು. 'ಶ್ರೀತತ್ತ್ವನಿಧಿ'ಯ 'ಕೌತುಕನಿಧಿ' ಭಾಗ ಆಟಗಳಿಗೇ ಮೀಸಲಾಗಿದೆ. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಬರುವ ನಡೆಗಳನ್ನು ರಚಿಸುವುದರಲ್ಲಿ ಅವರು ಹೆಸರಾದವರು. ಇಬ್ಬರಿಗೆಂದು ಹುಟ್ಟಿದ ಮಣೆಯ ಮೇಲೆ ಒಬ್ಬರೇ ಕುಳಿತು ಆಡುವ ಆಟವಿದು. ಅಳಗುಳಿ ಮಣೆಯಲ್ಲಿಯೂ ಒಬ್ಬರ ಆಟವಿದೆ. ಅಶೋಕವನದಲ್ಲಿ ಸೀತೆ ಹಾಗೆ ಆಡುತ್ತಿದ್ದಳೆಂಬ ಐತಿಹ್ಯ ತಮಿಳುನಾಡಿನಲ್ಲಿ ಪ್ರಸಿದ್ಧ. ಒಂದೇ ಮಣೆ ಜೊತೆಗಾರರಿದ್ದಾಗ ಜಂಟಿ ಆಟಕ್ಕೂ ಇಲ್ಲದಾಗ ಒಂಟಿ ಆಟಕ್ಕೂ ಒದಗಬೇಕೆಂಬುದು ನಮ್ಮವರಿಗೆ ಹೊಸ ವಿಚಾರವಲ್ಲ.

ದಾಳದಿಂದ ಗಣಕಯಂತ್ರಕ್ಕೆ

ಅಮೆರಿಕದಲ್ಲಿ ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಗೆಳೆಯರು ಕುಳಿತು, ಕಥೆ ಕಟ್ಟುತ್ತಾ, ದಾಳ ಉರುಳಿಸುತ್ತಾ ಆಡುವ ಆಟ. ರಾಕ್ಷಸನನ್ನು ಕೊಂದರೆ ಯಾವ ನಿಧಿ ಸಿಕ್ಕಬೇಕೆಂಬುದಕ್ಕೆ ಪುಸ್ತಕದಲ್ಲಿ ಕೋಷ್ಟಕಗಳಿದ್ದವು. ದಾಳ ಬಿದ್ದಂತೆ ನಿಧಿ. ಇಂದಿನ ಲೂಟಿ ಆಟಗಳ ಮೂಲಗಂಗೆ ಈ ಕೋಷ್ಟಕಗಳೇ.

೧೯೮೦ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಇಬ್ಬರು ವಿದ್ಯಾರ್ಥಿಗಳು, ಮೈಕೇಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್, ದಾಳ ಉರುಳಿಸುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. ಆ ಆಟದ ಹೆಸರು 'ರೋಗ್'. ಚಿತ್ರವಿಲ್ಲ, ಬರಿಯ ಅಕ್ಷರಗಳು. ಪ್ರತಿ ಸಲವೂ ನೆಲಮಾಳಿಗೆಯ ನಕ್ಷೆ ಹೊಸದು, ಸಿಗುವ ವಸ್ತು ಹೊಸದು. ಮಾಡಿದವರಿಗೂ ಮುಂದೇನೆಂದು ತಿಳಿಯದು. ಇದು ಶುದ್ಧ ಒಂಟಿ ಆಟ.

ಜಂಟಿ ಆಟ ಬೆಳೆದದ್ದು ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ. ಅಟಾರಿ ಕಂಪನಿ ೧೯೮೫ರಲ್ಲಿ ಹೊರತಂದ 'ಗಾಂಟ್ಲೆಟ್'ನಲ್ಲಿ ನಾಲ್ವರು ಒಂದೇ ಯಂತ್ರದ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು ಆಡುತ್ತಿದ್ದರು. ಆಯಸ್ಸು ಕ್ಷಣಕ್ಷಣಕ್ಕೆ ಇಳಿಯುತ್ತಿತ್ತು. ದಾರಿಯಲ್ಲಿ ಸಿಗುವ ಊಟವೇ ಅದನ್ನು ಏರಿಸುವ ಉಪಾಯ. ಆದರೆ ಊಟ ನಾಲ್ವರಿಗೂ ಒಂದೇ ತಟ್ಟೆ, ಮೊದಲು ಮುಟ್ಟಿದವನಿಗೆ. ಅವಸರದಲ್ಲಿ ಯಾವನಾದರೂ ಗುರಿತಪ್ಪಿ ಊಟಕ್ಕೇ ಹೊಡೆದರೆ ಎಲ್ಲರಿಗೂ ಉಪವಾಸ. ಕೂಡಿ ಆಡುವುದರ ಸುಖವೂ ಜಗಳವೂ ಒಂದೇ ತಟ್ಟೆಯಲ್ಲಿವೆ ಎಂಬುದನ್ನು ಈ ಯಂತ್ರ ಮೊದಲು ತೋರಿಸಿತು.

೧೯೯೩ರ ಡಿಸೆಂಬರಿನಲ್ಲಿ ಬಂದ 'ಡೂಮ್' ಆಟಗಾರನ ಕಣ್ಣಿನಿಂದಲೇ ನೋಡುವ ಕೋವಿಯಾಟವನ್ನು ಲೋಕಪ್ರಸಿದ್ಧಗೊಳಿಸಿತು. ಅದರಲ್ಲಿಯೂ ತಂತಿಯಿಂದ ಜೋಡಿಸಿದ ನಾಲ್ಕು ಗಣಕಯಂತ್ರಗಳಲ್ಲಿ ನಾಲ್ವರು ಕೂಡಿ ಆಡುವ ಅನುಕೂಲವಿತ್ತು.

ಪೆಟ್ಟಿಗೆಯ ಬೀಗದ ಕೈ

೧೯೯೬ರ ಕೊನೆಯ ದಿನ ಹೊರಬಂದ 'ಡಯಾಬ್ಲೊ' ಈ ಎಲ್ಲ ಹೊಳೆಗಳನ್ನೂ ಕೂಡಿಸಿತು. ರೋಗ್‌ನ ಯಾದೃಚ್ಛಿಕ ನಿಧಿ, ಗಾಂಟ್ಲೆಟ್‌ನ ನಾಲ್ವರು, ಜೊತೆಗೆ 'ಬ್ಯಾಟಲ್.ನೆಟ್' ಎಂಬ ಉಚಿತ ಸೇವೆಯ ಮೂಲಕ ದೂರದವರೊಡನೆ ಆಟ. ನೆಲಕ್ಕೆ ಬಿದ್ದದ್ದು ಮೊದಲು ಗುಂಡಿ ಒತ್ತಿದವನಿಗೆ. ಶ್ರೀರಂಗಪಟ್ಟಣದ ಮೊದಲ ರಾತ್ರಿಯ ಪದ್ಧತಿ. ಆಟಗಾರನ ವಿವರವೆಲ್ಲ ಅವನ ಗಣಕಯಂತ್ರದಲ್ಲಿಯೇ ಇದ್ದುದರಿಂದ, ಕುತಂತ್ರಿಗಳು ಅದನ್ನು ತಿದ್ದಿ ಬೇಕಾದ ಆಯುಧವನ್ನು ತಾವೇ ಸೃಷ್ಟಿಸಿಕೊಂಡರು. ಮೋಸ ವಿಪರೀತವಾಯಿತು.

ಇದಕ್ಕೆ ಮದ್ದೆಂದು ೨೦೦೦ದ 'ಡಯಾಬ್ಲೊ ೨' ಎರಡು ಬಗೆಯ ಪೆಟ್ಟಿಗೆಗಳನ್ನು ಮಾಡಿತು. ಒಂಟಿ ಆಟಗಾರನ ಪೆಟ್ಟಿಗೆ ಅವನ ಮನೆಯಲ್ಲಿ. ಇಂಟರ್‌ನೆಟ್ಟಿನಲ್ಲಿ ಭದ್ರವಾಗಿ ಆಡಬಯಸುವವನ ಪೆಟ್ಟಿಗೆ ಕಂಪನಿಯ ಸರ್ವರಿನಲ್ಲಿ. ಎರಡನೆಯದಕ್ಕೆ ಬೀಗದ ಕೈ ಕಂಪನಿಯದು. ತೊಂಬತ್ತು ದಿನ ಆಟದತ್ತ ಸುಳಿಯದಿದ್ದರೆ ಆ ಪಾತ್ರವೂ ಅದರ ಗಂಟೂ ಅಳಿಸಿಹೋಗುತ್ತಿದ್ದವು. ಗೆದ್ದದ್ದು ಗೆದ್ದವನ ಕೈಬಿಟ್ಟು ಬೇರೊಬ್ಬರ ಉಗ್ರಾಣ ಸೇರತೊಡಗಿದ್ದು ಇಲ್ಲಿಂದ. ಮೋಸ ತಡೆಯುವುದು ನ್ಯಾಯವಾದ ಕಾರಣವೇ. ಆದರೆ ಅದರ ಬೆಲೆ ಏನೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಹಂಚಿಕೆಯ ಪ್ರಶ್ನೆಗೆ ಉತ್ತರ ಹುಡುಕಿದವರು ಆಟಗಾರರೇ. ೧೯೯೯ರ 'ಎವರ್‌ಕ್ವೆಸ್ಟ್' ಆಟದಲ್ಲಿ ಹತ್ತಾರು ಮಂದಿ ಸೇರಿ ಒಂದು ಡ್ರ್ಯಾಗನ್ನನ್ನು ಕೊಂದರೆ ಸಿಗುವ ವಸ್ತು ಬೆರಳೆಣಿಕೆಯಷ್ಟು. ಆಗ ಒಂದು ತಂಡದವರು ಹಾಜರಿ ಪುಸ್ತಕವನ್ನೇ ತೆರೆದರು. ದುಡಿಮೆಗೆ ಅಂಕ, ವಸ್ತು ಪಡೆದರೆ ಅಂಕ ಖರ್ಚು. ನಮ್ಮಂತಹ ಗುಮಾಸ್ತರಿಗೆ ಇದು ಬಹಳ ಮೆಚ್ಚುಗೆಯಾಗುವ ಏರ್ಪಾಡು. ಜಮಾ, ಖರ್ಚು, ಶಿಲ್ಕು ಎಲ್ಲವೂ ಅದರಲ್ಲಿದ್ದವು! ಶ್ರೀರಂಗಪಟ್ಟಣದ ಸಮಿತಿಗಿಂತ ಇದು ನ್ಯಾಯವಾದದ್ದೂ ಹೌದು; ಏಕೆಂದರೆ ಪಾಲು ದರ್ಜೆಗಲ್ಲ, ದುಡಿಮೆಗೆ.

ಪಂಡೋರದ ಕೋವಿಗಳು

ಡಯಾಬ್ಲೊ ಮಾಡಿದವರಲ್ಲಿ ಕೆಲವರು ಹೊರಬಂದು ೨೦೦೭ರಲ್ಲಿ 'ಹೆಲ್‌ಗೇಟ್: ಲಂಡನ್' ಎಂಬ ಆಟ ತಂದರು. ನಿಧಿಯಾಟಕ್ಕೆ ಕೋವಿಯಾಟವನ್ನು ಬೆಸೆಯುವ ದೊಡ್ಡ ಪ್ರಯತ್ನವದು. ಕಂಪನಿ ಮರುವರ್ಷವೇ ಮುಳುಗಿತು. ೨೦೦೯ರ ಆರಂಭದಲ್ಲಿ ಅಲ್ಲಿನ ಸರ್ವರ್ ನಿಂತಿತು. ಕೂಡಿ ಆಡಿ ಗಳಿಸಿದ್ದೆಲ್ಲ ಹೋಯಿತು. ಡಿಸ್ಕಿನಲ್ಲಿದ್ದ ಒಂಟಿ ಆಟ ಮಾತ್ರ ಉಳಿಯಿತು.

ಬೆಸುಗೆ ಸರಿಯಾಗಿ ಕೂಡಿಬಂದದ್ದು ೨೦೦೯ರ ಅಕ್ಟೋಬರಿನಲ್ಲಿ, ಟೆಕ್ಸಾಸಿನ ಗಿಯರ್‌ಬಾಕ್ಸ್ ಕಂಪನಿಯ 'ಬಾರ್ಡರ್‌ಲ್ಯಾಂಡ್ಸ್'ನಲ್ಲಿ. ಪಂಡೋರ ಎಂಬ ಮರುಭೂಮಿಯಂಥ ಗ್ರಹ, ವ್ಯಂಗ್ಯಚಿತ್ರದಂತೆ ಕಪ್ಪು ಗೆರೆ ಎಳೆದ ಚಿತ್ರಗಳು, ಒಂದು ನಿಧಿಯ ಶೋಧ. ಇದರ ಕೋವಿಗಳನ್ನು ಯಾರೂ ಒಂದೊಂದಾಗಿ ಮಾಡಿದ್ದಲ್ಲ. ನಳಿಕೆ, ಹಿಡಿ, ದುರ್ಬೀನು ಮೊದಲಾದ ಭಾಗಗಳನ್ನು ಯಂತ್ರವೇ ಬೇರೆ ಬೇರೆ ರೀತಿಯಲ್ಲಿ ಜೋಡಿಸುತ್ತಿತ್ತು. ಹೀಗೆ ಆಗಬಹುದಾದ ಕೋವಿಗಳ ಸಂಖ್ಯೆ ಒಂದೂಮುಕ್ಕಾಲು ಕೋಟಿಗೂ ಹೆಚ್ಚೆಂದು ಗಿನ್ನೆಸ್ ದಾಖಲೆಯಾಯಿತು. ಶಾಲೆಯಲ್ಲಿ ಕಲಿತ ಸಂಯೋಜನೆಗಳ ಗಣಿತ ಇಷ್ಟೇ: ಭಾಗಗಳು ಕೆಲವೇ, ಜೋಡಣೆಗಳು ಕೋಟಿ.

ಈ ಆಟವನ್ನು ಒಬ್ಬರೇ ಆಡುವ ಸುಖ ಒಂದು ಬಗೆ. ಆತುರವಿಲ್ಲ. ಮೂಲೆಮೂಲೆಯ ಪೆಟ್ಟಿಗೆ ತೆಗೆದು ನೋಡಬಹುದು, ಪಾತ್ರಗಳು ಆಡುವ ತಮಾಷೆಯ ಮಾತುಗಳನ್ನು ಪೂರ್ತಿ ಕೇಳಬಹುದು, ಒಲೆಯ ಮೇಲೆ ಕುಕ್ಕರು ಕೂಗಿದರೆ ಆಟವನ್ನು ನಿಲ್ಲಿಸಿ ಏಳಬಹುದು. ಸಿಕ್ಕಿದ್ದೆಲ್ಲ ನಮ್ಮದೇ. ಆದರೆ ಪೆಟ್ಟುತಿಂದು ಬಿದ್ದಾಗ ಎತ್ತುವವರಿಲ್ಲ. ಬಿದ್ದಲ್ಲಿಂದಲೇ ಒಬ್ಬ ಶತ್ರುವನ್ನು ಹೊಡೆದರೆ ಮಾತ್ರ ಮರುಜೀವ. ಜೊತೆಯಲ್ಲಿ ಆಡುವಾಗ ಗೆಳೆಯ ಓಡಿಬಂದು ಎತ್ತುತ್ತಾನೆ. ಮಂದಿ ಹೆಚ್ಚಿದಂತೆ ಶತ್ರುಗಳೂ ಬಲಿಯುತ್ತಾರೆ, ಉದುರುವ ವಸ್ತುವೂ ಮೇಲಾಗುತ್ತದೆ. ಈ ಏರ್ಪಾಡು ಹಿತವಾದದ್ದು: ಒಬ್ಬನಿಗೂ ಆಟ ಆಡಲು ಬರುವಂತಿದೆ, ನಾಲ್ವರಿಗೂ ಸಪ್ಪೆಯಾಗುವುದಿಲ್ಲ.

ಹಂಚಿಕೆಯಲ್ಲಿ ಮಾತ್ರ ಇಲ್ಲಿಯೂ ಬಹುಕಾಲ ಹಿಡಿದವನಿಗೇ ವಸ್ತು. ಅಪರಿಚಿತರೊಡನೆ ಆಡುವಾಗ, ಒಬ್ಬ ಕಾದುತ್ತಿದ್ದರೆ ಇನ್ನೊಬ್ಬ ಬಾಚುತ್ತಿದ್ದ. ೨೦೧೨ರ 'ಡಯಾಬ್ಲೊ ೩' ಪ್ರತಿಯೊಬ್ಬರಿಗೂ ಬೇರೆ ಬೇರೆ ವಸ್ತು ಕಾಣಿಸುವ ವ್ಯವಸ್ಥೆ ಮಾಡಿತು. ಒಬ್ಬನ ಪಾಲು ಇನ್ನೊಬ್ಬನ ಕಣ್ಣಿಗೇ ಬೀಳದು. ೨೦೧೯ರ 'ಬಾರ್ಡರ್‌ಲ್ಯಾಂಡ್ಸ್ ೩' ಎರಡು ಪದ್ಧತಿಗಳನ್ನೂ ಇಟ್ಟು, ಆಯ್ಕೆಯನ್ನು ಆಟಗಾರರಿಗೇ ಬಿಟ್ಟಿತು. ಸ್ವಂತ ಅಣ್ಣತಮ್ಮಂದಿರು ಕಿತ್ತಾಡುವ ಸುಖಕ್ಕಾಗಿ ಹಳೆಯ ಪದ್ಧತಿಯನ್ನು ಆರಿಸಿಕೊಂಡರೆ ಅದೂ ಸರಿಯೇ!

ಶತ್ರುವಿನಿಂದ ಏನು ಉದುರುವುದೋ ಎಂಬ ಕಾತರದ ಬಗ್ಗೆಯೂ ಒಂದು ಮಾತು. ಅನಿಯತವಾಗಿ ಸಿಗುವ ಬಹುಮಾನ ಪ್ರಾಣಿಯನ್ನು ಹೆಚ್ಚು ಕಾಲ ಕೆಲಸದಲ್ಲಿ ತೊಡಗಿಸುತ್ತದೆ ಎಂದು ಫರ್ಸ್ಟರ್ ಮತ್ತು ಸ್ಕಿನ್ನರ್ ೧೯೫೭ರಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದರು. ೨೦೧೪ರ ಸೆಪ್ಟೆಂಬರಿನಲ್ಲಿ 'ಡೆಸ್ಟಿನಿ' ಎಂಬ ಆಟ ಬಂದಾಗ ಆಟಗಾರರು ಶತ್ರುಗಳು ಒಂದೇ ಸಮನೆ ಹೊರಬರುವ ಗುಹೆಯೊಂದನ್ನು ಪತ್ತೆಮಾಡಿ, ಅದರ ಮುಂದೆ ಗಂಟೆಗಟ್ಟಲೆ ನಿಂತು ಕೋವಿ ಹಾರಿಸಿದರು. ಕಂಪನಿ ಅದೇ ತಿಂಗಳಲ್ಲಿ ಆ ದಾರಿಯನ್ನು ಮುಚ್ಚಿತು. ಬಲಿತವರೇ ಹೀಗಾದರೆ ಎಳೆಯರ ಪಾಡೇನು? ಹೊತ್ತಿನ ಮಿತಿ ಬೇಕೆನ್ನುವುದು ಇದಕ್ಕೇ.

ತಂತಿಯ ಆ ತುದಿಯಲ್ಲಿ

ಬೆಂಗಳೂರಿನಲ್ಲಿ ೧೯೫೩ರಲ್ಲಿ ಹುಟ್ಟಿದ ಎಚ್.ಎಂ.ಟಿ. ಅರವತ್ತರ ದಶಕದಲ್ಲಿ ಕಳಮಶ್ಶೇರಿಯಲ್ಲಿ ಕಾರ್ಖಾನೆ ತೆರೆಯಿತು. ಆ ಕಾಲದಲ್ಲಿ ಊರು ಬಿಟ್ಟು ಬಂದವರಿಗೆ ಊರಿನ ಸಂಬಂಧವೆಂದರೆ ಇನ್‌ಲ್ಯಾಂಡ್ ಪತ್ರ, ತೀರ ಅಗತ್ಯವಿದ್ದರೆ ಟ್ರಂಕ್ ಕಾಲ್. ೨೦೦೨ರಲ್ಲಿ ಆಫ್ರಿಕಾದಿಂದ ಮಲೇಷ್ಯಾಕ್ಕೆ ಹೋಗುವ 'ಸೇಫ್' ಸಾಗರ ಕೇಬಲ್ ಕೊಚ್ಚಿಯಲ್ಲಿ ದಡ ಮುಟ್ಟಿತು. ೨೦೨೩ರ ಜೂನಿನಲ್ಲಿ ಕೇರಳ ಸರ್ಕಾರ 'ಕೆ-ಫೋನ್' ಎಂಬ ತನ್ನದೇ ಜಾಲವನ್ನು ಉದ್ಘಾಟಿಸಿತು.

ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ನೇರ ದೂರವನ್ನೇ ಹಿಡಿದರೂ ಕೊಚ್ಚಿಯಿಂದ ಸಿಂಗಪುರಕ್ಕೆ ಹೋಗಿಬರಲು ಅದಕ್ಕೆ ಮೂವತ್ತು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಬೆಂಗಳೂರಿಗೆ ನಾಲ್ಕು ಸಾಕು. ತಂತಿಯ ಸುತ್ತುದಾರಿಯಿಂದ ಎರಡೂ ಇನ್ನಷ್ಟು ಹೆಚ್ಚುತ್ತವೆ. ಬಾರ್ಡರ್‌ಲ್ಯಾಂಡ್ಸ್‌ನಂಥ ಆಟದಲ್ಲಿ ಆಡುವವರಲ್ಲಿ ಒಬ್ಬರ ಯಂತ್ರವೇ ಆತಿಥೇಯ. ನಡುವೆ ದೂರದ ಸರ್ವರು ಬೇಕಾಗಿಲ್ಲ. ಕಳಮಶ್ಶೇರಿಯ ಹುಡುಗ, ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗಳು, ಮಂಗಳೂರಿನ ಸೋದರಮಾವನ ಮಗ ಮೂವರೂ ಭಾನುವಾರ ಒಂದು ಗಂಟೆ ಹೀಗೆ ಆಡಿದರೆ, ಬಾಯಿತುಂಬ ಕನ್ನಡ ಮಾತನಾಡುತ್ತಾರೆ. ಹೊರನಾಡಿನ ಮಗುವಿಗೆ ಓರಗೆಯವರೊಡನೆ ಕನ್ನಡದಲ್ಲಿ ಜಗಳವಾಡುವ ಅವಕಾಶ ಬೇರೆಲ್ಲಿ ಸಿಗುತ್ತದೆ? ಈ ಲೂಟಿಯಲ್ಲಿ ನಮ್ಮ ಪಾಲಿಗೆ ಬರುವುದು ಇದೇ.

ಸರ್ವರ್ ನಿಂತ ದಿನ

ಹೀಗಿರುವಾಗ ಕಂಪನಿಗಳು ಒಂಟಿ ಆಟಕ್ಕೂ ತಮ್ಮ ಸರ್ವರನ್ನೇ ಕಡ್ಡಾಯಮಾಡತೊಡಗಿದವು. ಡಯಾಬ್ಲೊ ೩ ಬಂದ ದಿನ, ೨೦೧೨ರ ಮೇ ೧೫ರಂದು, ಒಬ್ಬರೇ ಆಡಲು ಕುಳಿತವರಿಗೂ 'ಎರರ್ ೩೭' ಎಂಬ ಫಲಕ ಕಂಡಿತು. ಸರ್ವರಿನ ಬಾಗಿಲಲ್ಲಿ ಜನಜಂಗುಳಿ! ಮನೆಯೊಳಗೆ ಪಗಡೆಯಾಡಲು ಊರ ಪಟೇಲನ ಅಪ್ಪಣೆ ಕೇಳಿದಂತಾಯಿತು.

ಸರ್ವರನ್ನೇ ನಂಬಿದ ಆಟದ ಗತಿ ಏನೆಂಬುದು ೨೦೨೦ರ ಸೆಪ್ಟೆಂಬರ್ ೨ರಂದು ನಮ್ಮ ದೇಶದ ಮನೆಮನೆಗೂ ತಿಳಿಯಿತು. ಅಂದು ಕೇಂದ್ರ ಸರ್ಕಾರ ನಿಷೇಧಿಸಿದ ೧೧೮ ಆ್ಯಪ್‌ಗಳಲ್ಲಿ 'ಪಬ್‌ಜಿ ಮೊಬೈಲ್' ಒಂದು. ಅದರಲ್ಲಿ ಕೊನೆಯವರೆಗೆ ಉಳಿಯುವುದೇ ಗುರಿಯಾದರೂ, ನಾಲ್ವರ ತಂಡ ಕಟ್ಟಿ ಲೂಟಿ ಆಯುವುದು ಅದರ ಜೀವಾಳ. ಅಕ್ಟೋಬರ್ ೩೦ರಂದು ಇಲ್ಲಿ ಸರ್ವರೂ ನಿಂತಿತು. ಮರುವರ್ಷ ಜುಲೈಯಲ್ಲಿ ಅದು ಬೇರೆ ಹೆಸರಿನಿಂದ ಮರಳಿತು. ಸರ್ಕಾರ ಭದ್ರತೆಯ ಕಾರಣ ನೀಡಿತ್ತು. ಅದರ ಚರ್ಚೆ ಇಲ್ಲಿ ಬೇಡ. ಬಾಗಿಲು ಮುಚ್ಚಲು ಬೇರೊಬ್ಬರ ಒಂದು ಆಜ್ಞೆ ಸಾಕೆಂಬುದಷ್ಟೇ ನಾವು ನೋಡಬೇಕಾದದ್ದು.

ಇನ್ನೆರಡು ಆಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ೨೦೧೯ರ ಫೆಬ್ರುವರಿಯಲ್ಲಿ ಬಂದ 'ಆ್ಯಂಥಮ್' ನಾಲ್ವರು ಕೂಡಿ ಆಡುವ ಲೂಟಿಯಾಟ, ಸರ್ವರಿಲ್ಲದೆ ತೆರೆಯುವುದೇ ಇಲ್ಲ. ೨೦೨೬ರ ಜನವರಿ ೧೨ರಂದು ಸರ್ವರ್ ನಿಲ್ಲಿಸುವುದಾಗಿ ಕಂಪನಿ ೨೦೨೫ರ ಜುಲೈಯಲ್ಲಿ ಸಾರಿತು. ೨೦೨೩ರ ಮೇಯಲ್ಲಿ ಬಂದ 'ರೆಡ್‌ಫಾಲ್' ಕೂಡ ಅದೇ ಜಾತಿಯದು, ಅದೇ ಕಡ್ಡಾಯ. ಒಂದು ವರ್ಷಕ್ಕೆ ಅದನ್ನು ಮಾಡಿದ ಸಂಸ್ಥೆಯೇ ಮುಚ್ಚಿಹೋಯಿತು. ಆದರೆ ಆ ಕೆಲಸಗಾರರು ಹೋಗುವ ಮುನ್ನ, ೨೦೨೪ರ ಮೇ ೩೦ರಂದು, ಸರ್ವರಿಲ್ಲದೆಯೂ ಒಬ್ಬರೇ ಆಡುವಂತೆ ಆಟವನ್ನು ತಿದ್ದಿಕೊಟ್ಟರು. ಕೆಲಸ ಕಳೆದುಕೊಂಡವರು ಮನೆಯ ಬೀಗದ ಕೈಯನ್ನು ಬಾಡಿಗೆದಾರನಿಗೇ ಕೊಟ್ಟುಹೋದಂತೆ. ಮೊದಲ ಬಾರ್ಡರ್‌ಲ್ಯಾಂಡ್ಸ್ ನೆಚ್ಚಿಕೊಂಡಿದ್ದ 'ಗೇಮ್‌ಸ್ಪೈ' ಎಂಬ ಜೋಡಣೆ ಸೇವೆಯೂ ೨೦೧೪ರಲ್ಲಿ ನಿಂತಿತ್ತು. ಆಗ ಆಟವನ್ನು ಬೇರೆ ಸೇವೆಗೆ ಸಾಗಿಸಲಾಯಿತು, ಒಂಟಿ ಆಟಕ್ಕಂತೂ ಕುಂದೇ ಬರಲಿಲ್ಲ.

ಈ ಉದ್ಯಮದ ಏರಿಳಿತ ನಮ್ಮ ಬೆಂಗಳೂರನ್ನೂ ಮುಟ್ಟಿದೆ. ರಾಜೇಶ್ ರಾವ್ ಅವರು ೧೯೯೭ರಲ್ಲಿ ಅಲ್ಲಿ ಸ್ಥಾಪಿಸಿದ 'ಧ್ರುವ ಇಂಟರ್ಯಾಕ್ಟಿವ್' ಭಾರತದ ಮೊದಮೊದಲ ವಿಡಿಯೋ ಆಟದ ಕಂಪನಿಗಳಲ್ಲಿ ಒಂದು. ಅದನ್ನು ಕೊಂಡುಕೊಂಡ ಸ್ವೀಡನ್ನಿನ 'ಸ್ಟಾರ್‌ಬ್ರೀಜ್' ಸಂಸ್ಥೆಯದೇ, ನಾಲ್ವರು ಕೂಡಿ ದರೋಡೆ ಮಾಡುವ 'ಪೇಡೇ ೨' ಎಂಬ ಆಟ. ಯಂತ್ರದ ಜೊತೆಗಾರರನ್ನು ಕಟ್ಟಿಕೊಂಡು ಅದನ್ನು ಒಬ್ಬರೇ ಆಡಲೂ ಬರುತ್ತದೆ. ಸ್ಟಾರ್‌ಬ್ರೀಜ್ ಹಣದ ಮುಗ್ಗಟ್ಟಿಗೆ ಸಿಕ್ಕಾಗ, ೨೦೧೯ರಲ್ಲಿ ಧ್ರುವ 'ರಾಕ್‌ಸ್ಟಾರ್' ಕಂಪನಿಯ ಪಾಲಾಯಿತು. ಕಂಪನಿಗಳು ಕೈ ಬದಲಾಗುವುದು ಈ ವ್ಯಾಪಾರದಲ್ಲಿ ನಿತ್ಯದ ಮಾತು. ಅವರ ಸರ್ವರನ್ನು ಶಾಶ್ವತವೆಂದು ನಂಬುವಂತಿಲ್ಲ.

ಕೊಳ್ಳುವ ಮುನ್ನ

ಹೊರಗಿನ ದೇಶಗಳು ಎಚ್ಚೆತ್ತಿವೆ. ದುಡ್ಡು ಕೊಟ್ಟು ಕೊಳ್ಳುವ ಮುಚ್ಚಿದ ಲೂಟಿ ಪೆಟ್ಟಿಗೆಗಳನ್ನು ಬೆಲ್ಜಿಯಂ ೨೦೧೮ರಲ್ಲಿ ಜೂಜೆಂದು ಪರಿಗಣಿಸಿತು. ಕ್ಯಾಲಿಫೋರ್ನಿಯಾದಲ್ಲಿ ೨೦೨೫ರ ಜನವರಿಯಿಂದ ಜಾರಿಗೆ ಬಂದ ಕಾಯಿದೆಯಂತೆ, ಮಾರುತ್ತಿರುವುದು ಬರಿಯ ಪರವಾನಗಿ ಎಂದು ತಿಳಿಸದೆ 'ಕೊಳ್ಳಿರಿ' ಎಂದು ಬರೆಯುವಂತಿಲ್ಲ. ಕೊಂಡ ಆಟವನ್ನು ಕಂಪನಿ ನಿರುಪಯೋಗಿ ಮಾಡಬಾರದೆಂದು ಯುರೋಪಿನಲ್ಲಿ ೨೦೨೪ರಿಂದ ನಡೆದ ಮನವಿಗೆ ೨೦೨೫ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಸಹಿ ಬಿದ್ದವು. ನಮ್ಮ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಮುಚ್ಚಿದ ಸರ್ವರಿನ ಚಿಂತೆ ಅದರದಲ್ಲ. ಆದುದರಿಂದ ಸದ್ಯಕ್ಕೆ ಕಾವಲು ಮನೆಯವರದೇ.

ಆಟ ಕೊಳ್ಳುವ ಮುನ್ನ ನಮ್ಮ ಸಂಸಾರಗಳು ಮೂರು ಪ್ರಶ್ನೆ ಕೇಳಿದರೆ ಸಾಕು. ಇಂಟರ್‌ನೆಟ್ ಇಲ್ಲದಾಗ ಇದನ್ನು ಒಬ್ಬರೇ ಆಡಬಹುದೇ? ಗುರುತಿನವರೊಡನೆ ಮಾತ್ರ ಕೂಡಿ ಆಡುವ ಅನುಕೂಲವಿದೆಯೇ? ಲೂಟಿ ಆಟದಿಂದ ಬರುವುದೋ, ನಮ್ಮ ಬ್ಯಾಂಕಿನ ಖಾತೆಯಿಂದ ಹೋಗುವುದೋ? ಜೊತೆಗೆ, ಹೊಟ್ಟುವ ರಕ್ತ, ಗುಂಡುಗಳ ಆಟವಾದ್ದರಿಂದ ಪೆಟ್ಟಿಗೆಯ ಮೇಲಿನ ವಯಸ್ಸಿನ ಸೂಚನೆಯನ್ನು ತಪ್ಪದೆ ನೋಡಬೇಕು. ಇವುಗಳಲ್ಲಿ ಹಲವು ದೊಡ್ಡವರಿಗೆಂದೇ ಮಾಡಿದವು.

ಅಜ್ಜಿಯ ಅಳಗುಳಿ ಮಣೆಯಲ್ಲಿ ಗೆದ್ದ ಕಾಯಿಗಳು ಆಟ ಮುಗಿದ ಮೇಲೆ ಚೀಲಕ್ಕೆ ಮರಳುತ್ತಿದ್ದವು. ಕಾಯಿ ಕಳೆದರೆ ಹುಣಸೆಬೀಜ ತಂದು ಆಡುತ್ತಿದ್ದರು. ಮಣೆ ಮಾಡಿದ ಬಡಗಿ ಊರು ಬಿಟ್ಟುಹೋದನೆಂದು ಯಾವ ಮನೆಯಲ್ಲಿಯೂ ಆಟ ನಿಲ್ಲಲಿಲ್ಲ. ಹೊಸ ಆಟಗಳಿಂದಲೂ ನಾವು ಕೇಳಬೇಕಾದದ್ದು ಇಷ್ಟನ್ನೇ.